ಹೊಗೆ ಕಾಣದ ಸೋಮವಾರ

ಮನೆ ಬಿಡುವಾಗ ಶೋನಾ ಒಲೆಯನ್ನು ಮೂರು ಸಲ ನೋಡುತ್ತಾಳೆ ಎನ್ನುವುದು ಐಲಾ ದ್ವೀಪದ ಪೋರ್ಟ್ ಸಾಲಖ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊದಲ ಸಲ ಬೆಂಕಿ ಆರಿದೆಯೇ ಎಂದು. ಎರಡನೆಯ ಸಲ, ಮೊದಲು ನೋಡಿದ್ದು ನಿಜವಾಗಿ ನೋಡಿದ್ದೇ ಎಂದು. ಮೂರನೆಯದು ಯಾಕೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅಷ್ಟಾದರೂ ಕೆಲವು ದಿನ ಹಡಗುಕಟ್ಟೆಯ ತಿರುವಿನವರೆಗೆ ಬಂದವಳು ಅಲ್ಲಿಂದ ಮನೆಯ ಕಡೆ ಓಡುವುದಿತ್ತು. ಅಂಗಡಿಯ ಮುಂದೆ ನಿಂತವರು, "ಇವತ್ತು ನಾಲ್ಕು," ಎಂದು ಲೆಕ್ಕ ಒಪ್ಪಿಸುತ್ತಿದ್ದರು.

ಆ ಸೋಮವಾರ ಅವಳು ಐದು ಸಲ ನೋಡಿದಳು.

ಕಾರಣವಿತ್ತು. ಊರಿನ ವಿಸ್ಕಿ ಭಟ್ಟಿಯಲ್ಲಿ ನಲವತ್ತಮೂರು ವರ್ಷ ಬಾರ್ಲಿಗೆ ಹೊಗೆ ಹಿಡಿಸುವ ಹೊಗೆಗೂಡನ್ನು ನೋಡಿಕೊಂಡಿದ್ದ ಮುದುಕ ಲಾಕ್ಲನ್ ಆ ಶುಕ್ರವಾರ ಕೆಲಸ ಬಿಡುವವನಿದ್ದ. ಅವನ ನಂತರ ಯಾರು ಎನ್ನುವ ಪ್ರಶ್ನೆಗೆ ಮ್ಯಾನೇಜರ್ ಫರ್ಗಸ್ ಹಿಂದಿನ ವಾರ ಒಂದು ಉತ್ತರ ಕೊಟ್ಟಿದ್ದ, ಅರ್ಧ ಉತ್ತರ.

"ಸೋಮವಾರದ ಬೆಂಕಿ ನಿಂದು," ಎಂದಿದ್ದ. "ಹಚ್ಚೋದ್ರಿಂದ ಹಿಡಿದು ಕಾಳು ಕೆಳಗಿಳಿಸೋವರೆಗೂ ಒಬ್ಳೇ. ಬುಧವಾರ ಲಾಕ್ಲನ್ ಬಾಯಿಗೆ ಹಾಕ್ಕೊಂಡು ಸರಿ ಅಂದ್ರೆ ಗೂಡು ನಿಂದೇ. ಇಲ್ಲಾಂದ್ರೆ ಗುರುವಾರದ ಹಡಗಿಗೆ ಆಚೆ ದಡದಿಂದ ಒಬ್ಬ ಬರ್ತಾನೆ. ಒಳ್ಳೆಯವನಂತೆ. ಸರ್ಟಿಫಿಕೇಟು ಎಲ್ಲಾ ಇದೆ."

ಶೋನಾಳ ಬಳಿ ಸರ್ಟಿಫಿಕೇಟು ಇರಲಿಲ್ಲ. ಹನ್ನೊಂದು ವರ್ಷ ನೆನೆಸಿದ ಬಾರ್ಲಿಯನ್ನು ಕಲ್ಲುನೆಲದ ಮೇಲೆ ಹರಡಿ, ಮೊಳಕೆ ಗಂಟುಹಾಕಿಕೊಳ್ಳದಂತೆ ದಿನಕ್ಕೆ ಮೂರು ಹೊತ್ತು ಮರದ ಸಲಿಕೆಯಿಂದ ಮಗುಚಿದ್ದಳು. ಅದಕ್ಕೆ ಸಾಕ್ಷಿಯೆಂದರೆ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದ ಅವಳ ಬಲಭುಜ. ಹೊಗೆಗೂಡಿನ ಕೆಲಸ ಮಾತ್ರ ಯಾವ ಹೆಂಗಸಿಗೂ ಸಿಕ್ಕಿರಲಿಲ್ಲ. ಯಾಕೆಂದು ಯಾರೂ ಬಾಯಿ ಬಿಟ್ಟು ಹೇಳುವವರಲ್ಲ. "ಅದು ಭಾರದ ಕೆಲಸ," ಎನ್ನುವರು, ಅವಳು ಎರಡು ಮೂಟೆ ಹೊತ್ತು ಅವರ ಮುಂದೆಯೇ ಹಾದುಹೋಗುವಾಗ.

ಭಟ್ಟಿಯ ಎದುರಿನ ಸಮುದ್ರದ ಗೋಡೆಯ ಮೇಲೆ ಲಾಕ್ಲನ್ ಆಗಲೇ ಬಂದು ಕೂತಿದ್ದ. ಪಕ್ಕದಲ್ಲಿ ಚಹಾದ ಫ್ಲಾಸ್ಕು, ತೊಡೆಯ ಮೇಲೆ ಪತ್ರಿಕೆ. ಪತ್ರಿಕೆ ತಲೆಕೆಳಗಾಗಿತ್ತು.

"ನೀವು ಒಳಗೆ ಬರಬಾರ್ದು ಅಂದಿದಾರೆ," ಎಂದಳು ಶೋನಾ.

"ಎಲ್ಲಿ ಬಂದೆ ಒಳಗೆ? ಗೋಡೆ ಮೇಲೆ ಕೂತಿದೀನಿ. ಚಿಮಣಿ ನೋಡೋಕೆ ಯಾರಪ್ಪನ ಅಪ್ಪಣೆ ಬೇಕು?" ಲಾಕ್ಲನ್ ಕಣ್ಣು ಕಿರಿದಾಗಿಸಿದ. "ಹುಡುಗಿ, ಒಲೆ ನೋಡ್ಕೊಂಡು ಬಂದ್ಯಾ?"

ಅವಳಿಗೆ ಮೂವತ್ತೆಂಟು. ಆದರೂ ಅವನಿಗೆ ಹುಡುಗಿಯೇ.

"ನೋಡ್ದೆ."

"ಎಷ್ಟು ಸಲ?"

"ನಿಮ್ಮ ಪತ್ರಿಕೆ ತಲೆಕೆಳಗಿದೆ," ಎಂದು ಶೋನಾ ಒಳಗೆ ನಡೆದಳು.

ಚಿಮಣಿಯನ್ನು ಅವನೊಬ್ಬನೇ ನೋಡುವುದಲ್ಲ. ಪೋರ್ಟ್ ಸಾಲಖ್‌ನಲ್ಲಿ ಎಲ್ಲ ಮನೆಗಳ ಕಿಟಕಿಯೂ ಆ ಕಡೆಗೇ. ನೀಲಿಬೆರೆತ ಬಿಳಿ ಹೊಗೆ ನಿಧಾನವಾಗಿ, ಸೋಮಾರಿಯಂತೆ ಸುರುಳಿ ಬಿಚ್ಚಿಕೊಂಡು ಮನೆಗಳ ಮೇಲೆ ಹಾದುಹೋದರೆ, ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಲೇ ಹೆಂಗಸರು, "ಒಳ್ಳೇ ಬೆಂಕಿ," ಎನ್ನುವರು. ಆ ಹೊಗೆ ಮೊಳಕೆ ಬಾರ್ಲಿಗೆ ಹಿಡಿದು, ಬಾರ್ಲಿಯಿಂದ ಭಟ್ಟಿಗಿಳಿದು, ಪೀಪಾಯಿಯಲ್ಲಿ ಹತ್ತು ಹನ್ನೆರಡು ವರ್ಷ ಮಲಗಿ, ಕೊನೆಗೆ ಲೋಟಕ್ಕೆ ಬರಬೇಕು. ಹೊರಗಿನವರು ಐಲಾದ ವಿಸ್ಕಿಯನ್ನು ಮೊದಲ ಸಲ ಕುಡಿದಾಗ ಸುಟ್ಟ ಹಗ್ಗ ಎನ್ನುತ್ತಾರೆ, ಆಸ್ಪತ್ರೆ ಎನ್ನುತ್ತಾರೆ, ಒಬ್ಬ ಪ್ರವಾಸಿಯಂತೂ ಬೆಂಕಿ ಬಿದ್ದ ಮೀನುದೋಣಿ ಎಂದಿದ್ದ. ಊರಿನವರು ಏನೂ ಅನ್ನುವುದಿಲ್ಲ. ಅದು ಅವರ ಅಜ್ಜಿಯರ ಶಾಲಿನ ವಾಸನೆ.

ಏಳು ಗಂಟೆಗೆ ಇಬ್ಬರು ಆಳುಗಳು ಹಸಿ ಬಾರ್ಲಿಯನ್ನು ಮೇಲಿನ ತೂತುತೂತಿನ ಕಬ್ಬಿಣದ ನೆಲದ ಮೇಲೆ ಹರಡಿ ಕೆಳಗಿಳಿದು ಹೋದರು. ಶೋನಾ ಅದರ ಕೆಳಗಿನ ಒಲೆಯ ಬಾಯಿ ತೆರೆದು, ಹೊಸ ಪೀಟ್ ಜೋಡಿಸಿ ಕಡ್ಡಿ ಗೀರಿದಳು. ಮೇ ತಿಂಗಳಲ್ಲಿ ಬೆಟ್ಟದ ಜೌಗಿನಿಂದ ಉರಿಯುವ ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಬೇಸಿಗೆಯಿಡೀ ಗಾಳಿಗೆ ಒಣಗಿಸಿ, ಶನಿವಾರವಷ್ಟೇ ಟ್ರ್ಯಾಕ್ಟರಿನಲ್ಲಿ ಇಳಿಸಿ ತಂದ ಪೀಟ್. ಹಳೆಯದು ಮುಗಿದು ಕೊಟ್ಟಿಗೆ ಬರಿದಾಗಿತ್ತು. ಆ ವರ್ಷದ ಮೊದಲ ಗಾಡಿ ಇದೇ.

ಬೆಂಕಿ ಹತ್ತಿಕೊಂಡಿತು. ಚೆನ್ನಾಗಿಯೇ ಹತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ಕೆಂಪು ಕೆಂಡ, ಅದರ ಮೇಲೆ ನೆಟ್ಟಗೆ ನಿಂತ ಹಳದಿ ಜ್ವಾಲೆ. ನೋಡಲು ಚೆಂದ. ಹಬ್ಬದ ದಿನದ ಅಗ್ಗಿಷ್ಟಿಕೆಯಂಥ ಬೆಂಕಿ.

ಶೋನಾ ಬಗ್ಗಿ ಒಲೆಯೊಳಗೆ ಇಣುಕಿದಳು. ಹೊಗೆಗೂಡಿನ ಬೆಂಕಿ ಉರಿಯಬಾರದು, ಗೊಣಗಬೇಕು. ಅವಳು ಗಾಳಿಯ ಕಿಂಡಿ ಮುಚ್ಚಿದಳು. ಜ್ವಾಲೆ ತಗ್ಗಿತು, ಹೊಗೆ ಬರಲಿಲ್ಲ. ಪೀಟಿನ ಒದ್ದೆ ಪುಡಿ ಎರಚಿದಳು. ಒಂದು ನಿಮಿಷ ಹೊಗೆಯಾಡಿ ಮತ್ತೆ ಜ್ವಾಲೆ ಎದ್ದಿತು. ಕಿಂಡಿ ಸರಿಯಾಗಿ ಮುಚ್ಚಿದೆನೇ ಎಂದು ನೋಡಿದಳು. ನೋಡಿದ್ದೇ ನೋಡಿದೆನೇ ಎಂದು ಮತ್ತೆ ನೋಡಿದಳು. ಎಂಟು ಗಂಟೆಯ ಹೊತ್ತಿಗೆ, ತನ್ನ ಕೈಯಲ್ಲಿಯೇ ಏನೋ ದೋಷವಿದೆ, ಹೆಂಗಸಿನ ಕೈಗೆ ಬೆಂಕಿ ಹೊಗೆಯಾಡುವುದಿಲ್ಲವೋ ಏನೋ ಎಂಬಲ್ಲಿಯವರೆಗೆ ಯೋಚನೆ ಹೋಗಿತ್ತು.

ಆಗ ಒಂದು ಪೀಟನ್ನು ಎತ್ತಿ ಮೊಣಕಾಲಿಗೆ ಕೊಟ್ಟು ಮುರಿದಳು.

ಅದು ಟಕ್ಕೆಂದು ಮುರಿಯಿತು. ಒಳಗೆ ಕಪ್ಪು, ಗಟ್ಟಿ, ಒಂದೇ ಒಂದು ಬೇರಿನ ಎಳೆಯಿಲ್ಲ. ಭಟ್ಟಿಯ ಪೀಟ್ ಹೀಗಿರುವುದಿಲ್ಲ. ಅದು ಜೌಗಿನ ಮೇಲ್ಪದರದ್ದು, ಕಂದು ಬಣ್ಣ, ಪಾಚಿ ಮತ್ತು ಹೀದರ್ ಗಿಡದ ಬೇರು ಸೇರಿ ಹಳೆಯ ಕಂಬಳಿಯಂತೆ ನಾರುನಾರು, ಮುರಿಯಲು ಹೋದರೆ ಹರಿಯುತ್ತದೆ. ಇದು ಆಳದ ಪದರದ್ದು, ಕೊಟ್ಟಿಗೆಯ ಕತ್ತಲಲ್ಲಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯ ಪೀಟ್. ಬಿಸಿ ಹೆಚ್ಚು, ಹೊಗೆ ಇಲ್ಲವೇ ಇಲ್ಲ. ಯಾರ ಮನೆಯದೆಂದೂ ಅವಳಿಗೆ ಗೊತ್ತಾಯಿತು. ಒಂದು ಬದಿಯಲ್ಲಿ ಓರೆಯಾಗಿ ಕಡಿದ ಗುರುತು ಅವಳದೇ ಗುದ್ದಲಿಯದು. ಮೇ ತಿಂಗಳಲ್ಲಿ ಅಪ್ಪನ ಅಕ್ಕ ದೊಲೀನಾ ಅತ್ತೆಗಾಗಿ ಅವಳೇ ಕಡಿದ ಪೀಟ್.

ಶೋನಾ ಒಲೆಯ ಮುಂದೆ ಕುಕ್ಕರಿಸಿದಳು.

ಶನಿವಾರ ಬೆಟ್ಟದ ಮೇಲೆ ಎರಡು ಟ್ರೈಲರುಗಳನ್ನು ತುಂಬಿದ್ದರು, ಭಟ್ಟಿಯದೊಂದು, ಅತ್ತೆಯದೊಂದು. ಮಳೆ ಬರುವಂತಿತ್ತು. ಅವಳು ಎರಡಕ್ಕೂ ಟಾರ್ಪಾಲು ಹೊದಿಸಿ, ಅಂಚು ಬಿಗಿದು, ಒಂದು ತುಂಡೂ ಹೊರಗೆ ಕಾಣದಂತೆ ಕಟ್ಟಿದ್ದಳು. "ನೀಲಿದು ಅತ್ತೆ ಮನೆಗೆ, ಹಸಿರುದು ಭಟ್ಟಿಗೆ," ಎಂದು ಟ್ರ್ಯಾಕ್ಟರಿನ ಯೂಅನ್‌ಗೆ ಎರಡು ಸಲ ಹೇಳಿದ್ದಳು. ಅವನು ಗೇಟು ತೆರೆಯಲು ಹೋದಾಗ ನೀಲಿ ಟಾರ್ಪಾಲಿನಲ್ಲಿ ಮುಷ್ಟಿಯಗಲದ ತೂತು ಕಂಡಿತು. ಭಟ್ಟಿಯ ಪೀಟ್ ಸ್ವಲ್ಪ ನೆನೆದರೆ ಒಳ್ಳೆಯದೇ, ಹೊಗೆ ಬರುತ್ತದೆ. ಅತ್ತೆಯದು ನೆನೆದರೆ ಚಳಿಗಾಲದಲ್ಲಿ ಅವಳ ಗಂಟುನೋವು ಕೇಳುವವರಾರು? ಶೋನಾ ಎರಡೂ ಟಾರ್ಪಾಲುಗಳನ್ನು ಬಿಚ್ಚಿ ಅದಲು ಬದಲು ಮಾಡಿದಳು. ಗಂಟುಗಳನ್ನು ಮೂರು ಸಲ ಎಳೆದು ನೋಡಿದಳು. ಅಷ್ಟರಲ್ಲಿ ಮಳೆಹನಿ ಬಿತ್ತು. ಯೂಅನ್‌ಗೆ ಹೇಳುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿದ್ದಳು.

ಅವಳು ಏಣಿ ಹತ್ತಿ ಬಾರ್ಲಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಬೆಚ್ಚಗಿತ್ತು, ಇನ್ನೂ ಒದ್ದೆ. ಕಾಳು ಹಸಿಯಿರುವವರೆಗೆ ಮಾತ್ರ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಮೈ ಒಣಗಿತೋ, ಆಮೇಲೆ ಬೆಟ್ಟವನ್ನೇ ಸುಟ್ಟು ಹೊಗೆ ಹಾಕಿದರೂ ಮುಖ ತಿರುಗಿಸುತ್ತದೆ. ಈ ಬೆಂಕಿ ಇನ್ನೆರಡು ಗಂಟೆ ಉರಿದರೆ ಎಲ್ಲ ಮುಗಿದಂತೆ.

ಬೆಂಕಿಯನ್ನು ಸಣ್ಣದಾಗಿ ಇಟ್ಟುಕೊಂಡು, ಒದ್ದೆ ಪುಡಿ ಎರಚುತ್ತ, ಚಿಮಣಿಯಲ್ಲಿ ಆಗೊಮ್ಮೆ ಈಗೊಮ್ಮೆ ಏನೋ ಕಾಣುವಂತೆ ದಿನ ತಳ್ಳಬಹುದಿತ್ತು. ಹೊರಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬುಧವಾರದವರೆಗಂತೂ. ಬೆಂಕಿ ಆರಿಸಿದರೆ ಈಗಲೇ ಊರಿಗೆಲ್ಲ ಗೊತ್ತಾಗುತ್ತದೆ. ಹಚ್ಚಿದ ಹೊಗೆಗೂಡನ್ನು ಯಾರಾದರೂ ಆರಿಸಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಶೋನಾ ಕಬ್ಬಿಣದ ಕೈಗಾಡಿಯನ್ನು ಎಳೆದು ತಂದು ಕೆಂಡವನ್ನು ಬಾಚತೊಡಗಿದಳು. ಮೂರು ಗಾಡಿ ಕೆಂಡ ಅಂಗಳದ ಮಳೆನೀರಿನಲ್ಲಿ ಚುಂಯ್ ಎಂದು ಆವಿಯೆಬ್ಬಿಸಿತು. ಮೂರನೆಯದನ್ನು ಸುರಿಯುವಾಗ ಗೋಡೆಯ ಮೇಲಿನ ಲಾಕ್ಲನ್ ಎದ್ದು ನಿಂತಿದ್ದ. ಕೈಯಲ್ಲಿ ಚಹಾ ತುಂಬಿದ ಫ್ಲಾಸ್ಕಿನ ಮುಚ್ಚಳ ಹಾಗೆಯೇ ಇತ್ತು. ಅವಳು ಅವನ ಕಡೆ ನೋಡದೆ ಗಾಡಿ ತಿರುಗಿಸಿದಳು.

ಕಚೇರಿಯಿಂದ ಫರ್ಗಸ್ ಓಡಿಬಂದ.

"ಶೋನಾ, ಎರಡು ವಿಷ್ಯ. ಒಂದು, ಚಿಮಣಿ ಯಾಕೆ ಖಾಲಿ? ಎರಡು, ನಿಮ್ಮತ್ತೆ ಫೋನ್ ಮಾಡಿದ್ರು. ಮನೆ ತುಂಬಾ ಹೊಗೆಯಂತೆ. ಅಗ್ನಿಶಾಮಕದೋರನ್ನ ಕಳಿಸ್ಲಾ ಅಂದೆ. ಅವರು ಬಂದು ಏನ್ ಆರಿಸ್ತಾರೆ, ಬೆಂಕಿನೇ ಇಲ್ಲ, ಅದೇ ನನ್ನ ದೂರು ಅಂತ ಫೋನ್ ಕುಕ್ಕಿದ್ರು."

"ಎರಡೂ ಒಂದೇ ವಿಷ್ಯ," ಎಂದಳು ಶೋನಾ. "ಇಲ್ಲಿಗೆ ಬಂದಿರೋದು ಅತ್ತೆ ಮನೆ ಪೀಟು. ನಮ್ಮದು ಅಲ್ಲಿಗೆ ಹೋಗಿದೆ. ತಪ್ಪು ನಂದು. ಟಾರ್ಪಾಲು ಬದಲಾಯಿಸಿ ಯೂಅನ್‌ಗೆ ಹೇಳಲಿಲ್ಲ. ಬೆಂಕಿ ಆರಿಸಿದೀನಿ. ಕಾಳು ಇನ್ನೂ ಹಸಿ ಇದೆ. ಹನ್ನೊಂದು ಗಂಟೆ ಒಳಗೆ ಸರಿಯಾದ ಪೀಟು ತರ್ತೀನಿ."

ಫರ್ಗಸ್ ಕೈಗಡಿಯಾರ ನೋಡಿದ. ಎಂಟೂಮುಕ್ಕಾಲು.

"ತರದಿದ್ರೆ?"

"ಗುರುವಾರದ ಹಡಗು ಇದ್ದೇ ಇದೆಯಲ್ಲ."

ಅವಳು ಗೇಟು ದಾಟಿ ಓಡಿದಳು. ಐವತ್ತು ಹೆಜ್ಜೆ ಹೋಗಿ ವಾಪಸ್ಸು ಬಂದು, ಆರಿಸಿದ ಒಲೆ ಆರಿಯೇ ಇದೆಯೇ ಎಂದು ನೋಡಿ ಮತ್ತೆ ಓಡಿದಳು.

ಊರಿನ ಆ ತುದಿಯಲ್ಲಿ ದೊಲೀನಾ ಅತ್ತೆಯ ಬೀದಿ ಕಾಣಿಸಿದಾಗ ಅವಳ ಕಾಲು ತಾನಾಗಿ ನಿಂತಿತು. ಒಂದು ಮನೆಯಲ್ಲ, ಆರು ಮನೆಯ ಬಾಗಿಲು ಕಿಟಕಿಗಳಿಂದ ನೀಲಿಬೆರೆತ ಬಿಳಿ ಹೊಗೆ ನಿಧಾನವಾಗಿ, ಸೋಮಾರಿಯಂತೆ ಸುರುಳಿ ಬಿಚ್ಚಿಕೊಂಡು ಹೊರಬರುತ್ತಿತ್ತು. ಅಂಥ ಚೆಂದದ ಹೊಗೆ ಅವಳು ಈಚೆಗೆ ಕಂಡಿರಲಿಲ್ಲ.

ಅವಳು ಮರೆತಿದ್ದಳು. ಅತ್ತೆಯ ಅಂಗಳಕ್ಕೆ ಪೀಟ್ ಬಂದಿಳಿದ ಸಂಜೆಯೇ, ಬೆಟ್ಟ ಹತ್ತಲಾಗದ ಬೀದಿಯ ಐದು ಮನೆಗಳ ಹಿರಿಯರಿಗೆ ಪಾಲು ಹೋಗುತ್ತದೆ. ಅದು ಅತ್ತೆಯ ಅಮ್ಮನ ಕಾಲದಿಂದ ಬಂದ ಪದ್ಧತಿ. ಮಬ್ಬು ಸಂಜೆಯಲ್ಲಿ ಬುಟ್ಟಿಗೆ ತುಂಬಿಕೊಂಡು ಹೋದವರು ಪೀಟಿನ ಬಣ್ಣ ಯಾಕೆ ನೋಡುತ್ತಾರೆ? ಭಾನುವಾರ ದೇವರ ದಿನ, ಹೊಸ ಪೀಟ್ ಮುಟ್ಟುವ ಹಾಗಿಲ್ಲ. ಸೋಮವಾರ ಬೆಳಗ್ಗೆ ಆರೂ ಮನೆಯವರು ಒಟ್ಟಿಗೆ ಹೊಸ ಬೆಂಕಿ ಹಚ್ಚಿದ್ದರು.

ಈಗ ಎಲ್ಲರೂ ಬೀದಿಯಲ್ಲಿದ್ದರು, ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ. ನಡುವೆ ಯೂಅನ್ ತನ್ನ ಟ್ರ್ಯಾಕ್ಟರಿಗೆ ಬೆನ್ನು ಕೊಟ್ಟು ನಿಂತಿದ್ದ. ಎಂಬತ್ತೊಂದು ವರ್ಷದ ದೊಲೀನಾ ಅತ್ತೆ ಅವನ ಎದೆಯೆತ್ತರಕ್ಕಿದ್ದಳು, ಆದರೆ ಕುಗ್ಗಿ ನಿಂತವನು ಅವನು.

"ಎಪ್ಪತ್ತು ವರ್ಷದಿಂದ ಬೆಂಕಿ ಹಚ್ತಿದೀನಿ. ನನ್ನ ಮನೆ ಏನು ಹೊಗೆಗೂಡಾ? ನಾನೇನು ಬಾರ್ಲಿನಾ?"

"ನೀಲಿದು ದೊಲೀನಾಗೆ ಅಂದ್ರು, ನೀಲಿದು ತಂದೆ. ನನಗೇನು ಕಣ್ಣು ಕಾಣಲ್ವಾ?"

"ಕಣ್ಣು ಕಾಣತ್ತೆ. ಮೂಗು ಯಾವ ಅಂಗಡೀಲಿ ಮಾರ್ಕೊಂಡೆ?"

"ನನ್ನ ಬೆಕ್ಕು ಮನೆ ಬಿಟ್ಟು ಹೋಗಿದೆ," ಎಂದ ಪಕ್ಕದ ಮನೆಯ ಮುದುಕ. ಅವನ ದನಿಯಲ್ಲಿ ದುಃಖಕ್ಕಿಂತ ಮೆಚ್ಚುಗೆ ಹೆಚ್ಚಿತ್ತು. "ನನಗಿಂತ ಅದಕ್ಕೇ ಬುದ್ಧಿ ಜಾಸ್ತಿ."

"ಅವನನ್ನ ಬೈಬೇಡಿ ಅತ್ತೆ," ಎಂದಳು ಶೋನಾ. "ಟಾರ್ಪಾಲು ನಾನು ಬದಲಾಯಿಸಿದ್ದು. ನಿಮ್ಮ ಪೀಟು ನೆನೆಯಬಾರ್ದು ಅಂತ."

ಯೂಅನ್ ಅವಳ ಕಡೆ ನೋಡಿದ ರೀತಿ, ನೇಣುಗಂಬದಿಂದ ಇಳಿಸಿದವನು ನೋಡುವ ಹಾಗಿತ್ತು.

"ನೀನಾ?" ಎಂದಳು ಅತ್ತೆ. "ಬಾಗಿಲಿಗೆ ಬೀಗ ಹಾಕಿ, ಬೀಗಕ್ಕೆ ಬೀಗ ಹುಡುಕೋ ನೀನು?"

"ನಾನೇ."

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಸಿ ಹಿಡಿದ ಕೈ, ಸುಟ್ಟ ತೋಳಂಚು. ಆಮೇಲೆ ಭಟ್ಟಿಯ ಕಡೆ ತಿರುಗಿ ಖಾಲಿ ಚಿಮಣಿ ನೋಡಿದಳು. ಅವಳ ಮುಖ ಬದಲಾಯಿತು.

"ಇವತ್ತು ನಿನ್ನ ಬೆಂಕಿ ಅಲ್ವಾ?"

"ಹೌದು."

"ಎಷ್ಟು ಹೊತ್ತಿದೆ?"

"ಎರಡು ಗಂಟೆ."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಬೀದಿಯತ್ತ ತಿರುಗಿದಳು. "ಏನ್ ನೋಡ್ತಾ ನಿಂತಿದೀರ? ಹುಡುಗೀರಾಗಿದ್ದಾಗ ಶಾಲೆಗೆ ಹೆಂಗೆ ಹೋಗ್ತಿದ್ವಿ? ಕಂಕುಳಲ್ಲಿ ಶಾಲೆ ಒಲೆಗೆ ಅಂತ ಒಂದು ಪೀಟು ಇಲ್ದೆ ಮೇಷ್ಟ್ರು ಒಳಗೆ ಬಿಡ್ತಿದ್ರಾ? ಎತ್ಕೊಳಿ ಎಲ್ಲಾ."

ಯೂಅನ್ ಅಂಗಳದಲ್ಲಿ ಉಳಿದಿದ್ದ ರಾಶಿಯನ್ನು ಟ್ರೈಲರಿಗೆ ತುಂಬತೊಡಗಿದ. ಆದರೆ ಅರ್ಧದಷ್ಟು ಮನೆಗಳೊಳಗೆ ಸೇರಿಬಿಟ್ಟಿತ್ತು, ಒಲೆಯ ಪಕ್ಕ, ಮೆಟ್ಟಿಲ ಕೆಳಗೆ, ಒಬ್ಬರ ಮನೆಯಲ್ಲಿ ಸ್ನಾನದ ತೊಟ್ಟಿಯಲ್ಲಿ. ಅದೆಲ್ಲ ಹೊರಬಂತು. ಬೆಕ್ಕಿನ ಯಜಮಾನ ಮೊಮ್ಮಗಳ ತಳ್ಳುಗಾಡಿಯಲ್ಲಿ ಹೇರಿಕೊಂಡ. ಸುಮ್ಮನೆ ಹಾದುಹೋಗುತ್ತಿದ್ದ ಅಂಚೆಯವನ ವ್ಯಾನಿನ ಹಿಂಬಾಗಿಲು ತೆರೆಸಿದರು. "ಇದಕ್ಕೆ ಅಂಚೆಚೀಟಿ ಎಲ್ಲಿ?" ಎಂದು ಕೇಳಿದ್ದಕ್ಕೆ ಅತ್ತೆ ಅವನ ತೊಡೆಯ ಮೇಲೂ ಎರಡು ಇಟ್ಟಳು. ಉಳಿದವರು ಎರಡೂ ಕಂಕುಳಲ್ಲಿ ಒಂದೊಂದು ಪೀಟ್ ಸಿಕ್ಕಿಸಿಕೊಂಡು ಸಾಲಾಗಿ ನಡೆದರು. ಎಲ್ಲರಿಗಿಂತ ಚಿಕ್ಕವಳಿಗೆ ಎಪ್ಪತ್ತನಾಲ್ಕು. ಹಡಗುಕಟ್ಟೆಯ ತಿರುವಿನಲ್ಲಿ ಯಾರೋ ಶಾಲೆಯ ಕಾಲದ ಮಗ್ಗಿ ಶುರುಮಾಡಿದರು. ಏಳರ ಮಗ್ಗಿಯಲ್ಲಿ ಎಲ್ಲರೂ ತಪ್ಪಿದರು, ಅಂದು ತಪ್ಪಿದಲ್ಲಿಯೇ.

ಭಟ್ಟಿಯ ಅಂಗಳದಲ್ಲಿ ಶೋನಾ ಕಂದು ಪೀಟ್ ತೆಗೆದುಕೊಂಡು, ಅಷ್ಟೇ ಕಪ್ಪು ಪೀಟನ್ನು ವಾಪಸು ಕೊಡುತ್ತ ಹೋದಳು. ಒಂದಕ್ಕೆ ಒಂದು. "ನಂದು ಅರ್ಧ ಸುಟ್ಟಿತ್ತು," ಎಂದ ಒಬ್ಬರಿಗೆ ಅತ್ತೆ, "ನಿಂಗೂ ಅರ್ಧ ಕೊಡ್ತಾಳೆ ಬಿಡು," ಎಂದಳು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಶೋನಾ ಎರಡನೆಯ ಸಲ ಕಡ್ಡಿ ಗೀರಿದಳು. ನಾರಿನ ಪೀಟ್ ಮೊದಲು ಮುನಿಸಿಕೊಂಡಿತು. ಆಮೇಲೆ ಒಳಗೊಳಗೇ ಕೆಂಪಾಗಿ, ಮೇಲೆ ಕಪ್ಪಾಗಿಯೇ ಉಳಿದು, ಗೊಣಗಲು ಶುರುಮಾಡಿತು. ಅವಳು ಒದ್ದೆ ಪುಡಿ ಎರಚಿದಳು. ಕಣ್ಣು ಉರಿಯಿತು, ಗಂಟಲು ಕಟ್ಟಿತು. ಅಷ್ಟು ಒಳ್ಳೆಯ ಉರಿ ಅವಳ ಕಣ್ಣಿಗೆ ಯಾವತ್ತೂ ಆಗಿರಲಿಲ್ಲ. ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಅವಳು ಬಾಗಿಲಿಗೆ ಬಂದು ತಲೆಯೆತ್ತಿದಳು. ಚಿಮಣಿಯ ಬಾಯಲ್ಲಿ ಮೊದಲ ಸುರುಳಿ ಬಿಚ್ಚಿಕೊಳ್ಳುತ್ತಿತ್ತು.

ಗೋಡೆಯ ಮೇಲೆ ಲಾಕ್ಲನ್ ಮತ್ತೆ ಕೂತಿದ್ದ. ಪತ್ರಿಕೆ ಈಗ ನೆಟ್ಟಗಿತ್ತು.

ಫರ್ಗಸ್ ಉಗ್ರಾಣದಿಂದ ಜಗ್ಗಿನಲ್ಲಿ ವಿಸ್ಕಿ ತಂದ, ಶೋನಾ ಕೆಲಸಕ್ಕೆ ಸೇರಿದ ವರ್ಷದ ಪೀಪಾಯಿಯದು. ಅಂಗಳದಲ್ಲಿದ್ದವರಿಗೆಲ್ಲ ಒಂದೊಂದು ಗುಟುಕು. ಕೆಮ್ಮಿ ಕೆಮ್ಮಿ ಸುಸ್ತಾದವರು ಹೊಗೆಯ ವಾಸನೆಯ ಲೋಟಕ್ಕೆ ಮೂಗು ಒಡ್ಡಿ, "ಆಹಾ," ಎಂದರು. ಅತ್ತೆ ಒಂದು ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು.

"ಇವತ್ತಿಂದು ಯಾವಾಗ ಕುಡಿಯೋಕೆ ಬರತ್ತೆ?"

"ಹನ್ನೆರಡು ವರ್ಷ," ಎಂದ ಫರ್ಗಸ್.

"ಹನ್ನೆರಡು." ಅತ್ತೆ ಬೆರಳು ಮಡಚಿದಳು. "ಅಂದ್ರೆ ನನಗೆ ತೊಂಬತ್ತಮೂರು. ಆಗತ್ತೆ ಬಿಡು. ಒಂದು ಪೀಪಾಯಿ ಮೇಲೆ ನನ್ನ ಹೆಸರು ಬರಿ. ಅರ್ಧ ಹೊಗೆ ನನ್ನ ಮನೇಲೇ ಹೋಯ್ತಲ್ಲ."

ಆ ರಾತ್ರಿ, ಮರುದಿನ, ಅದರ ಮರುದಿನದವರೆಗೆ ಶೋನಾ ಬೆಂಕಿಯ ಬಳಿಯಿಂದ ಕದಲಲಿಲ್ಲ. ಅತ್ತೆ ಓಟ್ಸ್ ರೊಟ್ಟಿ, ಚೀಸು ಕಳಿಸುತ್ತಿದ್ದಳು. ತಿಂದ ನೆನಪು ಅವಳಿಗಿಲ್ಲ.

ಬುಧವಾರ ಮಧ್ಯಾಹ್ನ ಕಾಳು ಒಣಗಿ ತಣ್ಣಗಾದ ಮೇಲೆ ಲಾಕ್ಲನ್ ಒಳಗೆ ಬಂದ. ಮೂರು ದಿನ ಹೊರಗಿದ್ದವನು ಬಾಗಿಲಲ್ಲಿ ಟೋಪಿ ತೆಗೆದ, ಚರ್ಚಿಗೆ ಬಂದವನ ಹಾಗೆ. ರಾಶಿಯ ನಡುವಿನಿಂದ ಒಂದು ಹಿಡಿ ಎತ್ತಿದ. ಒಂದು ಕಾಳನ್ನು ಹಲ್ಲಿನಲ್ಲಿ ಎರಡಾಗಿ ಕಡಿದು, ಒಡೆದ ಮುಖವನ್ನು ಬಾಗಿಲ ಹಲಗೆಯ ಮೇಲೆ ಎಳೆದ. ಸೀಮೆಸುಣ್ಣದಂತೆ ಬಿಳಿ ಗೆರೆ ಬಿತ್ತು. ಒಣಗಿದ್ದು ಸರಿಯಾಗಿದೆ ಎಂದು ಅದರ ಅರ್ಥ. ಉಳಿದ ಕಾಳನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯತೊಡಗಿದ.

ಶೋನಾ ಅವನ ದವಡೆಯನ್ನೇ ನೋಡುತ್ತಿದ್ದಳು. ಅದು ನಿಲ್ಲುವ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಫರ್ಗಸ್ ಜೇಬಿನಲ್ಲಿ ಬೀಗದ ಕೈಗಳನ್ನು ಕಿಣಿಕಿಣಿ ಮಾಡುತ್ತಿದ್ದ.

"ದೊಲೀನಾ ಮನೇಲಿ ಶನಿವಾರ ಮೀನು ಹುರಿದಿದ್ರಾ?" ಎಂದ ಲಾಕ್ಲನ್, ಕಣ್ಣು ತೆರೆಯದೆ.

ಶೋನಾ ಒಂದು ಹೆಜ್ಜೆ ಮುಂದೆ ಬಂದಳು. "ಯಾಕೆ? ಮೀನಿನ ವಾಸನೆ ಬರ್ತಿದ್ಯಾ?"

"ಇಲ್ಲ. ಸುಮ್ನೆ ಕೇಳ್ದೆ." ಅವನು ಕಣ್ಣು ತೆರೆದು ಇನ್ನೊಂದು ಹಿಡಿ ಎತ್ತಿ ಫರ್ಗಸ್‌ನ ಅಂಗೈಗೆ ಸುರಿದ. "ತಿನ್ನು. ಬೆಂಕಿ ನಿಂತಿದ್ದಾಗ ಕಾಳು ಒಂದಿಷ್ಟು ತಣ್ಣಗಾಯ್ತು, ಬೆವರಿತು. ಆಮೇಲೆ ಹೊಗೆ ಕುಡಿದಿದೆ ನೋಡು, ಹಬ್ಬದ ದಿನ ನಮ್ಮ ಯೂಅನ್ ಕುಡಿದ ಹಂಗೆ. ನಾನು ಮಾಡಿದ್ರೆ ಇಷ್ಟು ಬರ್ತಿರ್ಲಿಲ್ಲ."

"ಅವಳು ಮಾಡಿದ ತಪ್ಪು?" ಎಂದ ಫರ್ಗಸ್. ಬೇಕೆಂದೇ ಕೇಳಿದನೋ, ಕೇಳಬೇಕಲ್ಲ ಎಂದು ಕೇಳಿದನೋ.

ಲಾಕ್ಲನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಐವತ್ತೊಂಬತ್ತನೇ ಇಸವೀಲಿ ನನಗೂ ಒಂದ್ಸಲ ಬೆಂಕಿ ಕೈಕೊಟ್ಟಿತ್ತು. ಪೀಟು ಸರಿ ಇಲ್ಲ ಅಂತ ಮೊದಲ ಗಂಟೇಲೇ ಗೊತ್ತಿತ್ತು. ಇಡೀ ಊರು ಚಿಮಣಿ ನೋಡ್ತಿದೆ, ಆರಿಸೋದು ಹೆಂಗೆ? ಮರ್ಯಾದೆ ಪ್ರಶ್ನೆ. ಸುಮ್ನೆ ಉರಿಸಿದೆ. ಆ ವರ್ಷದ ವಿಸ್ಕಿ ಕುಡಿದೋರು ಯಾರೂ ಈ ಊರಿಗೆ ಎರಡನೇ ಸಲ ಬರ್ಲಿಲ್ಲ." ಅವನು ಶೋನಾಳ ಕಡೆ ನೋಡಲಿಲ್ಲ. "ಇವಳು ಮೂರು ಗಾಡಿ ಕೆಂಡ ನನ್ನ ಕಣ್ಣ ಮುಂದೆ ನೀರಿಗೆ ಸುರಿದ್ಲು. ನನ್ನ ಚಹಾ ಆರೋಯ್ತು ನೋಡ್ತಾ ನೋಡ್ತಾ."

ಫರ್ಗಸ್ ಕಾಳು ಅಗಿಯುತ್ತಲೇ ಕಚೇರಿಗೆ ಹೋದ. ತೆರೆದ ಕಿಟಕಿಯಿಂದ ಅವನ ದನಿ ಕೇಳಿಸಿತು. ಆಚೆ ದಡದವನಿಗೆ ಫೋನಿನಲ್ಲಿ ಹೇಳುತ್ತಿದ್ದ, ಹಡಗಿನ ಟಿಕೆಟ್ಟು ತಗೊಂಡಿದ್ರೆ ವಾಪಸ್ ಮಾಡಿ, ಬೇಜಾರು ಮಾಡ್ಕೋಬೇಡಿ, ಗೂಡಿಗೆ ಜನ ಸಿಕ್ಕಿದಾರೆ.

ಶೋನಾ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು. ಹೊಗೆ, ಉಪ್ಪು, ಆಮೇಲೆ ಎಲ್ಲೋ ದೂರದಲ್ಲಿ ಸಿಹಿ. ಖಾತ್ರಿಗೆಂದು ಇನ್ನೊಂದು ಹಾಕಿಕೊಂಡಳು. ಮೂರನೆಯದನ್ನು ಬರೀ ರುಚಿಗೆ ತಿಂದಳು.

ಶುಕ್ರವಾರ ಲಾಕ್ಲನ್‌ನನ್ನು ಬೀಳ್ಕೊಡಲು ಎಲ್ಲರೂ ಬಾರ್ಲಿ ಹರಡುವ ಕಲ್ಲುನೆಲದ ಮೇಲೆ ಸೇರಿದರು. ಅವನು ಮಾತಾಡುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಅರ್ಧ ಗಂಟೆ ಮಾತಾಡಿದ. ಕೊನೆಗೆ ಗೂಡಿನ ಬೀಗದ ಕೈಯನ್ನು ಶೋನಾಳ ಕೈಗೆ ಕೊಟ್ಟು, "ಹುಡುಗಿ, ಈ ಬೀಗ ಒಂದೇ ಸಲಕ್ಕೆ ಬೀಳತ್ತೆ. ಎಳೆದು ನೋಡೋದು ಬೇಡ," ಎಂದ. ಎಲ್ಲರೂ ನಕ್ಕರು, ಅವಳೂ.

ಆಗ ದೊಲೀನಾ ಅತ್ತೆ ಮುಂದೆ ಬಂದು ಮಡಚಿದ ದೊಡ್ಡ ಗಂಟೊಂದನ್ನು ಬಿಚ್ಚಿ ನೆಲದ ಮೇಲೆ ಹಾಸಿದಳು. ನೀಲಿ ಟಾರ್ಪಾಲು. ತೂತಿದ್ದ ಜಾಗದಲ್ಲಿ ಅವಳ ಹಳೆಯ ಲಂಗದ ಕೆಂಪು ಬಟ್ಟೆಯ ತೇಪೆ, ಮುಷ್ಟಿಯಗಲದ ತೂತಿಗೆ ತಟ್ಟೆಯಗಲದ ತೇಪೆ, ಸುತ್ತ ಎರಡು ಸಾಲು ಹೊಲಿಗೆ.

"ಇನ್ನು ಬದಲಾಯಿಸೋ ಅಗತ್ಯ ಇಲ್ಲ," ಎಂದಳು. "ನೀಲಿದು ನನ್ನ ಮನೆಗೆ."

ಹಿಂದಿನಿಂದ ಯೂಅನ್ ಕತ್ತು ಉದ್ದ ಮಾಡಿದ. "ಅದು ನೀಲಿದಾ, ಕೆಂಪುದಾ? ಈಗ್ಲೇ ಹೇಳ್ಬಿಡಿ. ಸಾಕ್ಷಿಗಳಿರುವಾಗ್ಲೇ."

ಶೋನಾ ಬಗ್ಗಿ ತೇಪೆಯ ಅಂಚನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. ಇನ್ನೊಮ್ಮೆ ಎಳೆಯಲು ಕೈ ಹೋಯಿತು. ಇಡೀ ಊರು ನೋಡುತ್ತಿತ್ತು, ಅಂಗಡಿಯವನಂತೂ ಎರಡು ಬೆರಳನ್ನು ಎತ್ತಿ ಸಿದ್ಧವಾಗಿದ್ದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಟಾರ್ಪಾಲನ್ನು ಮಡಚಿ ಯೂಅನ್‌ನ ಹೆಗಲಿಗೆ ಹಾಕಿದಳು.

"ನೀಲಿದು," ಎಂದಳು. "ಬದಲಾದ್ರೆ ಹೇಳ್ತೀನಿ."